ಕೈತೋಟದ ಜುಕಿನಿ, ಎಣ್ಣೆಯಲ್ಲಿ ಮುಳುಗದ ಕುರುಕಲು

ಸಂಜೆಯ ಕಾಫಿಯೊಡನೆ ಕುರುಕಲು ತಿಂಡಿಯೊಂದು ಬೇಕೆಂಬುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಅದನ್ನು ಬಿಡಿರೆಂದು ಬೋಧಿಸುವುದು ಈ ಅಂಕಣದ ಉದ್ದೇಶವಲ್ಲ. ಆದರೆ ತಿಂಡಿಯೆಂಬುದೆಲ್ಲವೂ ಬಾಣಲೆಯ ಎಣ್ಣೆಯಲ್ಲಿ ಮುಳುಗಿಯೇ ಏಳಬೇಕೆಂಬ ನಿಯಮವೇನೂ ಇಲ್ಲವಷ್ಟೆ. ಕರಿದ ಆಲೂಗೆಡ್ಡೆಯ ಚಿಪ್ಸಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆಯೇ ಇರುವುದು. ಈಗ ಅನೇಕರ ಮನೆಗಳಲ್ಲಿ ವಿದ್ಯುತ್ತಿನ ಓವನ್ ಬಂದು ಕುಳಿತಿದೆ. ಕೇಕಿಗೆಂದು ಕೊಂಡದ್ದು ವರ್ಷಕ್ಕೆ ನಾಲ್ಕು ದಿನ ದುಡಿದು, ಮಿಕ್ಕ ದಿನಗಳಲ್ಲಿ ಡಬ್ಬಿಗಳನ್ನಿಡುವ ಕಪಾಟಾಗಿರುವುದೂ ಉಂಟು. ಅದಕ್ಕೊಂದು ಕೆಲಸವನ್ನು ಈ ತಿಂಗಳು ಸೂಚಿಸುವೆವು.

ಜುಕಿನಿ ನಮ್ಮ ಕುಂಬಳದ ಬಳಗಕ್ಕೆ ಸೇರಿದ ಕಾಯಿ. ಈ ಬಳಗದ ಮೂಲ ನೆಲೆ ಅಮೆರಿಕ ಖಂಡ. ಜುಕಿನಿಯೆಂಬ ಹೆಸರೂ ತಳಿಯೂ ಇಟಲಿಯವು. ಇದು ಚಪ್ಪರ ಹತ್ತುವ ಬಳ್ಳಿಯಲ್ಲ, ಪೊದೆಯಂತೆ ನಿಲ್ಲುವ ಗಿಡ. ಆದುದರಿಂದ ಹಿತ್ತಿಲು ಚಿಕ್ಕದಾಗಿದ್ದರೂ ಸಾಕು. ಕಾಯಿ ಒಂದು ಗೇಣು ತುಂಬುವ ಮೊದಲೇ ಕೊಯ್ಯಬೇಕು. ಎರಡು ದಿನ ಊರಿಗೆ ಹೋಗಿ ಬಂದಿರೋ, ಅದು ದೊಣ್ಣೆಯಾಗಿ ಮಲಗಿರುತ್ತದೆ. ಒಳಗೆಲ್ಲ ಬೀಜ ಮತ್ತು ನೀರು. ಅಂಥದು ಹುಳಿಗೆ ಆದೀತು, ಕುರುಕಲಿಗೆ ಆಗದು.

ಹೆಚ್ಚುವುದಕ್ಕೆ ಮುಂಚೆ ಮಾಡತಕ್ಕ ಕೆಲಸವೊಂದುಂಟು. ಪ್ರತಿಯೊಂದು ಕಾಯಿಯ ತುದಿಯಿಂದ ಸಣ್ಣ ಚೂರನ್ನು ಕೊಯ್ದು ನಾಲಗೆಗೆ ಮುಟ್ಟಿಸಿ ನೋಡಿರಿ. ಕಹಿಯಿದ್ದರೆ ಉಗುಳಿ, ಕಾಯಿಯನ್ನು ಎಸೆದುಬಿಡತಕ್ಕದ್ದು. ಸೌತೆಕಾಯಿಯ ತೊಟ್ಟನ್ನು ಕೊಯ್ದು, ಅದರಿಂದಲೇ ಉಜ್ಜಿ ನೊರೆ ತೆಗೆದು ಕಹಿ ಹೋಯಿತೆಂದು ಸಮಾಧಾನ ಪಡುವ ಪದ್ಧತಿ ನಮ್ಮಲ್ಲಿದೆಯಲ್ಲವೆ? ಇಲ್ಲಿ ಅದನ್ನು ನಂಬಲಾಗದು. ಈ ಕಹಿಗೆ ಕುಕುರ್ಬಿಟಾಸಿನ್ ಎಂಬ ವಿಷವಸ್ತು ಕಾರಣ; ಬೇಯಿಸಿದರೂ ಸುಟ್ಟರೂ ಅದು ನಾಶವಾಗುವುದಿಲ್ಲ. ಜರ್ಮನಿಯ ಹೈಡನ್‌ಹೈಮ್ ಊರಿನಲ್ಲಿ 2015ರಲ್ಲಿ, ಮನೆಯ ತೋಟದಲ್ಲಿ ಬೆಳೆದ ಕಹಿ ಜುಕಿನಿಯ ಅಡಿಗೆಯನ್ನುಂಡು ವೃದ್ಧರೊಬ್ಬರು ಮೃತರಾದರು; ಕಹಿಯೆಂದು ಸ್ವಲ್ಪವೇ ತಿಂದ ಅವರ ಪತ್ನಿ ಉಳಿದುಕೊಂಡರು. ನಮ್ಮ ದೇಶದಲ್ಲಿಯೂ ಕಹಿ ಸೋರೆಕಾಯಿಯ ರಸವನ್ನು ಆರೋಗ್ಯಕ್ಕೆಂದು ಕುಡಿದು ಪ್ರಾಣ ಕಳೆದುಕೊಂಡವರುಂಟು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ಮೂಲಕ ನೇಮಕವಾದ ತಜ್ಞರ ಸಮಿತಿಯ ವರದಿ 2012ರಲ್ಲಿ ಪ್ರಕಟವಾಯಿತು. ಕಹಿಯಾದ ರಸವನ್ನು ಕುಡಿಯಲೇಬಾರದೆಂಬುದು ಅದರ ಎಚ್ಚರಿಕೆ. ಅಂಗಡಿಯ ಕಾಯಿಗಿಂತ ಕೈತೋಟದ ಕಾಯಿಗೇ ಈ ಪರೀಕ್ಷೆ ಹೆಚ್ಚು ಅಗತ್ಯ. ಹತ್ತಿರದಲ್ಲಿ ಅಲಂಕಾರದ ಕಹಿಗುಂಬಳವಿದ್ದರೆ ಜೇನುನೊಣವು ಪರಾಗವನ್ನು ಬೆರಸೀತು. ಹಾಗೆ ಬೆರೆತ ಬೀಜವನ್ನು ಉಳಿಸಿ ಮರುವರ್ಷ ಬಿತ್ತಿದರೆ ಕಹಿ ಕಾಯಿ ಬಿಡಬಹುದು. ತಿಪ್ಪೆಯಲ್ಲಿ ತಾನಾಗಿ ಹುಟ್ಟಿದ ಗಿಡದ ಕಾಯಿಗೂ ಇದೇ ಮಾತು. ಬೀಜವನ್ನು ಪ್ರತಿವರ್ಷ ಹೊಸದಾಗಿ ಕೊಳ್ಳುವುದೇ ಲೇಸು.

ಇನ್ನು ತಿಂಡಿಯ ವಿಚಾರ. ಜುಕಿನಿಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಅರ್ಧ ಕಿಲೋ ಕಾಯಿಯ ಬಿಲ್ಲೆಗಳು ಗರಿಗರಿಯಾಗಿ ಹೊರಬಂದಾಗ 30 ಗ್ರಾಮಿನಷ್ಟಾದರೆ ಹೆಚ್ಚು, ಅಂದರೆ ಒಂದು ಹಿಡಿ. ಮಕ್ಕಳಿಬ್ಬರಿದ್ದರೆ ಜಗಳಕ್ಕೂ ಸಾಲದು! ಆದರೆ ಲೆಕ್ಕವೆಲ್ಲ ಇರುವುದು ಈ ಕುಗ್ಗುವಿಕೆಯಲ್ಲಿಯೇ. ಓವನಿನಲ್ಲಿ ಮಾಡಿದ್ದೆಂಬ ಒಂದೇ ಕಾರಣದಿಂದ ತಿಂಡಿ ಹಿತಕರವಾಗದು. ಅರ್ಧ ಕಿಲೋ ಬಿಲ್ಲೆಗಳಿಗೆ ಎರಡು ಟೀ ಚಮಚ ಎಣ್ಣೆ ಸವರಿದರೆ ಅದು ಕಣ್ಣಿಗೆ ಕಾಣುವುದೇ ಇಲ್ಲ; ಒಣಗಿದ ಮೇಲೆ ತೂಗಿದರೋ, ತಿಂಡಿಯ ಕಾಲುಭಾಗ ಎಣ್ಣೆಯಾಗಿರುತ್ತದೆ. ಇದು ಬಾಣಲೆಗೆ ಬಹಳ ದೂರವೇನಲ್ಲ. ಆದುದರಿಂದ ಒಂದೇ ಟೀ ಚಮಚ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಬಿಲ್ಲೆಗಳನ್ನು ನೇವರಿಸಿದರೆ ಸಾಕು. ಉಪ್ಪಿಗೂ ಇದೇ ನ್ಯಾಯ: ಹಸಿಯದರ ಮೇಲೆ ಹದವಾಗಿ ತೋರಿದ ಉಪ್ಪು ಒಣಗಿದ ಮೇಲೆ ನಾಲಗೆಯನ್ನು ಸುಡುವುದು.

ಕಾಯಿಯನ್ನು ಸಿಪ್ಪೆ ಸಹಿತ 3 ಮಿಲಿಮೀಟರ್ ದಪ್ಪಕ್ಕೆ, ಎಲ್ಲವೂ ಒಂದೇ ಸಮನಾಗಿರುವಂತೆ ಹೆಚ್ಚಿರಿ. ಒಂದು ದೊಡ್ಡ ಚಿಟಿಕೆ ಉಪ್ಪು ಉದುರಿಸಿ ಇಪ್ಪತ್ತು ನಿಮಿಷ ಬಿಡಿರಿ; ಬಿಟ್ಟ ನೀರನ್ನು ಬಸಿದು, ಒಣ ಬಟ್ಟೆಯ ನಡುವೆ ಬಿಲ್ಲೆಗಳನ್ನು ಒತ್ತಿ ತೆಗೆಯಿರಿ. ಮತ್ತೆ ಉಪ್ಪು ಬೇಡ. ಎಣ್ಣೆ ನೇವರಿಸಿ, ಮೆಣಸಿನ ಪುಡಿಯನ್ನೋ ಜೀರಿಗೆಯ ಪುಡಿಯನ್ನೋ ಚಿಮುಕಿಸಿ, ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, 110 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದೂವರೆಯಿಂದ ಎರಡು ಗಂಟೆಯ ಕಾಲ ಇಡತಕ್ಕದ್ದು. ನಡುವೆ ಒಮ್ಮೆ ಮಗುಚಿ ಹಾಕಿರಿ. ಆಗಾಗ ಬಾಗಿಲನ್ನು ತುಸು ತೆರೆದು ಒಳಗಿನ ಹಬೆಯನ್ನು ಹೊರಗೆ ಬಿಡಿರಿ.

ಇಷ್ಟು ಹೊತ್ತು ಕಾಯುವವರಾರು, ಕಾವನ್ನೇ ಏರಿಸಿದರಾಗದೆ ಎಂದು ಕೇಳಬಹುದು. ಆಗದು. ಹೆಚ್ಚು ಕಾವಿನಲ್ಲಿ ಕಂದುಬಣ್ಣಕ್ಕೆ ತಿರುಗಿದ ಆಹಾರದಲ್ಲಿ ಅಕ್ರಿಲಮೈಡ್ ಎಂಬ ಅಹಿತ ವಸ್ತು ಹುಟ್ಟುವುದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. 2013ರಲ್ಲಿ ಹಾಂಗ್‌ಕಾಂಗಿನ ಆಹಾರ ಸುರಕ್ಷಾ ಕೇಂದ್ರವು ಹುರಿದ ತರಕಾರಿಗಳನ್ನು ಪರೀಕ್ಷಿಸಿದಾಗ ಅದು ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಜುಕಿನಿಯಲ್ಲಿಯೇ. ಬಿಲ್ಲೆಯು ತಿಳಿಹೊಂಬಣ್ಣದಲ್ಲಿರುವಾಗಲೇ ಹೊರತೆಗೆಯಿರಿ. ಕಂದಿದವನ್ನು ಬೇರ್ಪಡಿಸಿ ಬಿಸಾಡಿರಿ.

ಹಿಡಿಯಷ್ಟು ತಿಂಡಿಗೆ ಎರಡು ಗಂಟೆಯ ವಿದ್ಯುತ್ತು ದುಬಾರಿಯೆನ್ನುವ ಮನೆಯವರಿಗೆ ನಿಪ್ಪಟ್ಟನ್ನು ಸೂಚಿಸುವೆವು. ಕಾಲು ಕಿಲೋ ಜುಕಿನಿಯನ್ನು ತುರಿದು ಹಿಂಡಿ, ಹಿಂಡಿದ ನೀರನ್ನು ಚೆಲ್ಲದೆ ಇರಿಸಿಕೊಳ್ಳಿರಿ. ಒಂದೂವರೆ ಬಟ್ಟಲು ಅಕ್ಕಿಹಿಟ್ಟು, ಕಾಲು ಬಟ್ಟಲು ಹುರಿಗಡಲೆಯ ಪುಡಿ, ಎರಡು ದೊಡ್ಡ ಚಮಚ ಚಿರೋಟಿ ರವೆ, ಎಳ್ಳು, ಕರಿಬೇವು, ಮೆಣಸಿನ ಪುಡಿ, ಇಂಗು, ಉಪ್ಪು ಇವುಗಳಿಗೆ ಎರಡು ದೊಡ್ಡ ಚಮಚ ಕಾದ ಎಣ್ಣೆ ಹುಯ್ದು, ತುರಿ ಸೇರಿಸಿ, ಬೇಕಾದಷ್ಟು ಮಾತ್ರ ಆ ನೀರಿನಿಂದಲೇ ಗಟ್ಟಿಯಾಗಿ ಕಲಸಿರಿ. ತೆಳ್ಳಗೆ ತಟ್ಟಿ, ಉಬ್ಬದಂತೆ ಮುಳ್ಳುಚಮಚದಿಂದ ಚುಚ್ಚಿ, 170 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ, ನಡುವೆ ಮಗುಚಿರಿ. ಕರಿದ ನಿಪ್ಪಟ್ಟಿನ ರುಚಿ ಇದಕ್ಕೆ ಬಾರದೆಂಬುದನ್ನು ಮೊದಲೇ ಹೇಳಿಬಿಡುವೆವು. ಇದು ಬಿಸ್ಕತ್ತಿನಂತೆ ಪುಡಿಯಾಗುವ ಬೇರೆಯೇ ಜಾತಿ. ಒಂದು ಸಲ ಮಾಡಿದರೆ ಇಪ್ಪತ್ತರಷ್ಟಾದೀತು.

ಎರಡನ್ನೂ ಓವನಿನಲ್ಲಿಯೇ ಬಾಗಿಲು ತೆರೆದು ಪೂರ್ಣ ಆರಗೊಟ್ಟು ಡಬ್ಬಿಗೆ ತುಂಬಬೇಕು. ಮಳೆಗಾಲದಲ್ಲಿ ಬಿಲ್ಲೆಗಳು ಮರುದಿನವೇ ಮೆತ್ತಗಾಗುವುವು. 100 ಡಿಗ್ರಿಯಲ್ಲಿ ಹತ್ತು ನಿಮಿಷವಿಟ್ಟರೆ ಮತ್ತೆ ಗರಿಯಾಗುವುವು.