ಕಪ್ಪೆ, ಹಂದಿ, ಬೆಕ್ಕುಗಳಾಚೆಗಿನ ಇಂಗ್ಲಿಷ್

ಗಂಟಲು ಕಟ್ಟಿ ದನಿ ಒಡೆದರೆ ಫ್ರೆಂಚರು ಗಂಟಲಲ್ಲಿ ಬೆಕ್ಕು ಸೇರಿಕೊಂಡಿದೆ ಎನ್ನುತ್ತಾರೆ. ಇಂಗ್ಲಿಷರ ಪ್ರಕಾರ ಅಲ್ಲಿ ಕೂತಿರುವುದು ಕಪ್ಪೆ. ಎಂದೂ ಆಗದ ಕೆಲಸವನ್ನು ಫ್ರೆಂಚರು ಕೋಳಿಗೆ ಹಲ್ಲು ಬಂದಾಗ ನೋಡೋಣ ಎಂದು ಮುಂದೂಡಿದರೆ, ಇಂಗ್ಲಿಷರು ಹಂದಿ ಹಾರಲಿ ಎಂದು ಕಾಯುತ್ತಾರೆ. ಜೋರು ಮಳೆ ಒಂದು ಭಾಷೆಯಲ್ಲಿ ಹಗ್ಗಗಳಾಗಿ ಇಳಿದರೆ ಇನ್ನೊಂದರಲ್ಲಿ ಬೆಕ್ಕು ನಾಯಿಗಳಾಗಿ ಸುರಿಯುತ್ತದೆ. ಹೇಳದೆ ಕೇಳದೆ ಸಮಾರಂಭದಿಂದ ಜಾರಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಫ್ರೆಂಚ್ ಲೀವ್’ ಎಂಬ ಹೆಸರಿದೆ. ಫ್ರೆಂಚರು ಅದೇ ತಪ್ಪನ್ನು ಇಂಗ್ಲಿಷರ ತಲೆಗೆ ಕಟ್ಟಿ ‘ಫಿಲೇ ಅ ಲಾಂಗ್ಲೇಸ್’ ಎನ್ನುತ್ತಾರೆ.

ಇಂಥ ಜೋಡಿಗಳು ಓದುವುದಕ್ಕೆ ಸೊಗಸು. ಫ್ರೆಂಚ್ ಲೇಖಕ ಝಾನ್-ಲೂ ಷಿಫ್ಲೆ 1985ರಲ್ಲಿ ಫ್ರೆಂಚ್ ನುಡಿಗಟ್ಟುಗಳನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿದ ‘ಸ್ಕೈ ಮೈ ಹಸ್ಬೆಂಡ್!’ ಪುಸ್ತಕ ಪ್ರಕಟಿಸಿದಾಗ ಜನ ಮುಗಿಬಿದ್ದು ಓದಿದರು. ಆದರೆ ಕಲಿಯುವವರಿಗೆ ಇಂಥ ಪಟ್ಟಿಗಳನ್ನೇ ಪಾಠವೆಂದು ಕೊಡುವುದು ಸರಿಯಲ್ಲ. ಬಾಯಿಪಾಠ ಮಾಡಿದ ಬೆಕ್ಕು ನಾಯಿಗಳ ಮಳೆ ಇಂದಿನ ಲಂಡನ್ನಿನ ಮಾತಿನಲ್ಲಿ ಅಪರೂಪ. ಅಲ್ಲಿಯ ಜನ ಕಿಟಕಿಯಾಚೆ ನೋಡಿ ‘ಇಟ್ಸ್ ಪೋರಿಂಗ್’ ಎಂದು ಸುಮ್ಮನಾಗುತ್ತಾರೆ.

ಫ್ರೆಂಚರಿಗೆ ನಿಜವಾದ ತೊಡಕು ಪ್ರಾಣಿಗಳಿಂದ ಬರುವುದಿಲ್ಲ, ಪುಟ್ಟ ಕ್ರಿಯಾಪದಗಳಿಂದ ಬರುತ್ತದೆ. ‘ಪುಟ್ ಅಪ್ ವಿತ್’ ಎಂಬುದನ್ನೇ ತೆಗೆದುಕೊಳ್ಳಿ. ಮೂರೂ ಪದಗಳು ಇಂಗ್ಲಿಷ್ ಕಲಿಕೆಯ ಮೊದಲ ವರ್ಷದವು. ಮೂರನ್ನೂ ಬಲ್ಲವನಿಗೆ ಮೂರೂ ಸೇರಿದಾಗ ‘ಸಹಿಸಿಕೊಳ್ಳು’ ಎಂಬ ಅರ್ಥ ಹೊಳೆಯುವ ದಾರಿಯೇ ಇಲ್ಲ. ಮೇಲಿನ ಮನೆಯ ಗಲಾಟೆ ತಡೆಯಲಾಗುತ್ತಿಲ್ಲ ಎಂದು ಲಿಯಾನಿನ ಬಾಡಿಗೆದಾರನೊಬ್ಬ ಇಂಗ್ಲಿಷಿನಲ್ಲಿ ಹೇಳಬೇಕಾಗಿದೆ ಎಂದುಕೊಳ್ಳೋಣ. ತಾಳಿಕೊಳ್ಳುವುದಕ್ಕೆ ಅವನ ಭಾಷೆಯಲ್ಲಿ ‘ಸುಪೋರ್ತೇ’ ಎಂಬ ಪದವಿದೆ. ಹಾಗಾಗಿ ಬಾಯಿಗೆ ಬರುವುದು ‘ಐ ಕಾಂಟ್ ಸಪೋರ್ಟ್ ದಿಸ್ ನಾಯ್ಸ್’. ಕೇಳಿದವರು ಹೇಗೋ ಊಹಿಸಿಕೊಂಡಾರು. ಅವನೇ ಮರುದಿನ ಕಚೇರಿಯಲ್ಲಿ, ಮೇಲಧಿಕಾರಿಯ ಕಾಟ ತಾಳಲಾರೆ ಎಂಬರ್ಥದಲ್ಲಿ ‘ಐ ಕಾಂಟ್ ಸಪೋರ್ಟ್ ಮೈ ಬಾಸ್’ ಎಂದರೆ, ಅಧಿಕಾರಿಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಘೋಷಿಸಿದಂತಾಗುತ್ತದೆ. ಗಂಟಲಿನ ಕಪ್ಪೆ ತಿಳಿಯದಿದ್ದರೆ ಯಾರ ಕೆಲಸವೂ ಕೆಡುವುದಿಲ್ಲ. ಈ ಮೂರು ಸಣ್ಣ ಪದಗಳು ತಿಳಿಯದಿದ್ದರೆ ಕೆಡುತ್ತದೆ.

ಇದಕ್ಕೆ ಚರಿತ್ರೆಯಲ್ಲೇ ಕಾರಣವಿದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಕಾಳಗ ಗೆದ್ದ ಮೇಲೆ ಇಂಗ್ಲೆಂಡಿನ ಅರಮನೆ, ನ್ಯಾಯಾಲಯ, ಆಡಳಿತಕ್ಕೆಲ್ಲ ಫ್ರೆಂಚ್ ಬಂತು. ವಾದ ಮಂಡನೆ ಇಂಗ್ಲಿಷಿನಲ್ಲಿ ನಡೆಯಬೇಕು ಎಂಬ ಕಾನೂನು ಬಂದದ್ದು 1362ರಲ್ಲಿ. ಆ ಹೊತ್ತಿಗೆ ಸುಮಾರು ಮುನ್ನೂರು ವರ್ಷ ಕಳೆದಿದ್ದವು. ಅಷ್ಟರಲ್ಲಿ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿನ ಮೇಲಟ್ಟದಲ್ಲಿ ನೆಲೆಸಿದವು. ಹೊಲ, ಅಡುಗೆಮನೆ, ಸಂತೆಯ ಮಾತು ಮಾತ್ರ ಗೆಟ್, ಪುಟ್, ಟೇಕ್, ಗೋ, ಗಿವ್‌ಗಳಲ್ಲೇ ನಡೆದುಬಂತು. ಆದ್ದರಿಂದ ಇಂದಿನ ಫ್ರೆಂಚ್ ವಿದ್ಯಾರ್ಥಿಗೆ ಕಂಟಿನ್ಯೂ, ಅಬ್ಯಾಂಡನ್, ಡಿಸೆಂಡ್, ಟಾಲರೇಟ್ ಎಲ್ಲವೂ ತವರಿನ ಪದಗಳೇ. ಅವನ್ನು ಯಾರೂ ಕಲಿಸಬೇಕಿಲ್ಲ. ‘ಗೋ ಆನ್’, ‘ಗಿವ್ ಅಪ್’, ‘ಗೋ ಡೌನ್’ ನಾಲಿಗೆಗೆ ಬರುವುದೇ ಕಷ್ಟ. ಬೇರೆ ದೇಶದವರಿಗೆ ಪಾಂಡಿತ್ಯವೆನಿಸುವ ಪದಗಳು ಇವರಿಗೆ ಸಲೀಸು, ಮಕ್ಕಳೂ ಆಡುವ ಮಾತು ದುರ್ಗಮ. ಬೀದಿಯಲ್ಲಿ ದಾರಿ ಕೇಳುವಾಗಲೂ ಫ್ರೆಂಚರ ಇಂಗ್ಲಿಷ್ ಗ್ರಾಂಥಿಕವಾಗಿ ಕೇಳಿಸುವುದು ಇದರಿಂದಲೇ. ಅದನ್ನು ಬಿಗುಮಾನ ಎಂದುಕೊಳ್ಳುವವರು ಅವರಿಗೆ ಅನ್ಯಾಯ ಮಾಡುತ್ತಾರೆ.

ಕಲಿಯದೆಯೇ ದಕ್ಕುವ ನುಡಿಗಟ್ಟುಗಳೂ ಬೇಕಾದಷ್ಟಿವೆ. ಎರಾಸ್ಮಸ್ 1500ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಅಚ್ಚು ಹಾಕಿಸಿ, ಆಮೇಲೆ ಹಿಗ್ಗಿಸುತ್ತ ಹೋದ ಗ್ರೀಕ್-ಲ್ಯಾಟಿನ್ ಗಾದೆಗಳ ಸಂಗ್ರಹ ಯುರೋಪಿನ ಹಲವು ಭಾಷೆಗಳಿಗೆ ಒಂದೇ ಕಣಜವಾಯಿತು. ಮೊಸಳೆ ಕಣ್ಣೀರು, ಹಂಸಗೀತೆ ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ಒಂದೇ. ಕನ್ನಡದಲ್ಲೂ ಇವು ಬಳಕೆಯಲ್ಲಿವೆ. ಚಿತ್ರ ಬೇರೆಯಾದರೂ ತಿಳಿವಳಿಕೆ ಒಂದೇ ಆಗಿರುವ ಮಾತುಗಳೂ ಉಂಟು: ಇಂಗ್ಲಿಷರು ಮೊಟ್ಟೆಯೊಡೆಯುವ ಮುಂಚೆ ಮರಿ ಎಣಿಸಬೇಡ ಎನ್ನುವಲ್ಲಿ ಫ್ರೆಂಚರು ಕರಡಿಯನ್ನು ಕೊಲ್ಲುವ ಮುಂಚೆ ಚರ್ಮ ಮಾರಬೇಡ ಎನ್ನುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಕಥೆ ಗೊತ್ತಿರುವ ಕನ್ನಡಿಗರಿಗೆ ಎರಡೂ ತಕ್ಷಣ ಅರ್ಥವಾಗುತ್ತವೆ. ಕ್ರಿಕೆಟ್ಟಿನಿಂದ ಬಂದ ಮಾತುಗಳಲ್ಲಂತೂ ಕನ್ನಡಿಗರೇ ಮುಂದು. ‘ಸ್ಟಿಕ್ಕಿ ವಿಕೆಟ್’ ಎಂದರೆ ಇಕ್ಕಟ್ಟು ಎಂದು ಹಾಸನದ ಹುಡುಗ ಊಹಿಸಬಲ್ಲ. ಪಿಚ್ ಎಂಬುದನ್ನೇ ಕಾಣದ ಬೋರ್ಡೋದ ಹುಡುಗಿಗೆ ಅದನ್ನು ಬಿಡಿಸಿಯೇ ಹೇಳಬೇಕು.

ಇನ್ನೊಬ್ಬ ಫ್ರೆಂಚ್ ಮನುಷ್ಯ ಈ ಗೋಜನ್ನೇ ಕಿತ್ತುಹಾಕಲು ಹೊರಟಿದ್ದರು. ಐಬಿಎಂ ಕಂಪನಿಯಲ್ಲಿ ಉಪಾಧ್ಯಕ್ಷರಾಗಿದ್ದ ಝಾನ್-ಪಾಲ್ ನೆರಿಯೇರ್ 2004ರಲ್ಲಿ ‘ಗ್ಲೋಬಿಷ್’ ಪುಸ್ತಕ ಹೊರತಂದರು. ಸುಮಾರು 1,500 ಪದ, ಚಿಕ್ಕ ವಾಕ್ಯ, ನುಡಿಗಟ್ಟು ಬೇಡ, ತಮಾಷೆ ಬೇಡ ಎಂಬುದು ಅವರ ಸೂತ್ರ. ತಾಯ್ನುಡಿ ಇಂಗ್ಲಿಷ್ ಅಲ್ಲದವರು ತಮ್ಮತಮ್ಮಲ್ಲೇ ಮಾತಾಡುವಾಗ ಹೆಚ್ಚು ಸಲೀಸಾಗಿ ವ್ಯವಹರಿಸುತ್ತಾರೆ ಎಂದು ಅವರು ಕಂಡುಕೊಂಡಿದ್ದರು. ಆ ಗಮನಿಕೆ ದಿಟ, ಮದ್ದು ಮಾತ್ರ ಅರ್ಧದ್ದು. ಮಾತಾಡುವವರು ನುಡಿಗಟ್ಟನ್ನು ಬಿಟ್ಟು ಬದುಕಬಹುದು, ಕೇಳುವವರಿಗೆ ಆ ಸ್ವಾತಂತ್ರ್ಯವಿಲ್ಲ. ಎದುರಿಗಿರುವ ಐರಿಷ್ ಸಹೋದ್ಯೋಗಿ ‘ಲೆಟ್ಸ್ ಪ್ಲೇ ಇಟ್ ಬೈ ಇಯರ್’ ಎಂದಾಗ, ಸಂದರ್ಭ ನೋಡಿಕೊಂಡು ಮುಂದುವರಿಯೋಣ ಎಂದು ತಿಳಿಯದವರು ಇಡೀ ಸಭೆಯಲ್ಲಿ ಹೊರಗಿನವರಾಗುತ್ತಾರೆ.

ಹಾಗೆಂದು ಹೊರೆಯನ್ನೆಲ್ಲ ಕಲಿಯುವವರ ಮೇಲೇ ಹೇರುವುದೂ ನ್ಯಾಯವಲ್ಲ. ತನ್ನ ಮಾತು ಎದುರಿನವರಿಗೆ ತಿಳಿದೀತೇ ಎಂದು ಯೋಚಿಸದೆ ತಾಯ್ನುಡಿಯವರು ನುಡಿಗಟ್ಟು ಬಳಸುವುದನ್ನು ವಿಯೆನ್ನಾದ ಭಾಷಾವಿಜ್ಞಾನಿ ಬಾರ್ಬರಾ ಸೈಡ್ಲ್‌ಹೋಫರ್ ಒಂದು ಸಂವಹನ ಸಮಸ್ಯೆ ಎಂದೇ ಗುರುತಿಸಿದ್ದಾರೆ. 2020ರ ಜನವರಿ 31ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿತು, ಇಂಗ್ಲಿಷ್ ಅಲ್ಲೇ ಉಳಿಯಿತು. ಬ್ರಸೆಲ್ಸ್‌ನ ಸಭಾಂಗಣಗಳಲ್ಲಿ ಈಗ ಅದನ್ನು ಆಡುವವರಲ್ಲಿ ಬಹುಪಾಲು ಜನರಿಗೆ ಅದು ಕಲಿತ ಭಾಷೆ. ಅಲ್ಲಿಗೆ ಬರುವ ಲಂಡನ್ನಿನ ಅತಿಥಿಯೂ ತನ್ನ ಮಾತನ್ನು ಒಂದಿಷ್ಟು ತಿಳಿಯಾಗಿಸಿಕೊಳ್ಳಬೇಕು.

ತರಗತಿಯಲ್ಲಿ ಆಗಬೇಕಾದ ಬದಲಾವಣೆ ದೊಡ್ಡದೇನಲ್ಲ. ವಾರಕ್ಕೊಂದು ಪುಟ್ಟ ಕ್ರಿಯಾಪದ ಸಾಕು. ‘ಪುಟ್’ನ ವಾರದಲ್ಲಿ ಪುಟ್ ಆಫ್, ಪುಟ್ ಆನ್, ಪುಟ್ ಔಟ್, ಪುಟ್ ಅಪ್ ವಿತ್‌ಗಳನ್ನು ಪಟ್ಟಿಯಾಗಿ ಬರೆಸದೆ, ನಿಜವಾದ ಫೋನ್ ಸಂಭಾಷಣೆಯಲ್ಲಿ ಕೇಳಿಸಿ, ಅದೇ ಸಂಗತಿಯನ್ನು ಮಕ್ಕಳಿಂದ ಮೊದಲು ಅವರದೇ ಫ್ರೆಂಚಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿಸಬೇಕು. ಬಾಯಿತಪ್ಪಿ ‘ಸಪೋರ್ಟ್’ ಬಂದಾಗ ಕೆಂಪು ಗೆರೆ ಎಳೆಯುವ ಬದಲು, ಆ ಪದ ಎರಡು ದೇಶಗಳಲ್ಲಿ ಬೇರೆ ಬೇರೆ ದಾರಿ ಹಿಡಿದದ್ದನ್ನು ಶಿಕ್ಷಕರು ಐದು ನಿಮಿಷ ವಿವರಿಸಬೇಕು. ಪರೀಕ್ಷೆಯಲ್ಲಿ ಹಾರುವ ಹಂದಿಯ ಪ್ರಶ್ನೆ ಒಂದೇ ಇರಲಿ, ಉಳಿದ ಅಂಕಗಳು ಈ ಪುಟ್ಟ ಕ್ರಿಯಾಪದಗಳಿಗೆ ಸಲ್ಲಲಿ.