ಗಿಲ್ಡಿನಾಗ ಕನ್ನಡದ ಪದ ಪಂದ್ಯ ಇಡ್ರಿ, ಫೀ ಮಾತ್ರ ಬ್ಯಾಡ

ಹೋದ ದೀಪಾವಳಿ ಸೂಟಿಗೆ ಅಕ್ಕನ ಮಗ ನರಗುಂದದಿಂದ ರೋಣಕ್ಕೆ, ನಮ್ಮ ಮನೆಗೆ ಬಂದಿದ್ದ. ಒಂಬತ್ತನೇ ತರಗತಿ ಹುಡುಗ. ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದುಕೊಂಡು ಬಂದು, "ಮಾಮಾ, ಇದೊಂದು ಶಬ್ದ ಹೇಳ್ರಿ, ಲಗೂನ" ಅಂದ.

ನೋಡಿದರೆ ಅದು ಅವನ ಫ್ರೀ ಫೈರ್ ಗಿಲ್ಡಿನ ವಾಟ್ಸ್ಆ್ಯಪ್ ಗ್ರೂಪು. ಐದು ಇಂಗ್ಲಿಷ್ ಪದಗಳ ಅಕ್ಷರ ಹಿಂದುಮುಂದು ಮಾಡಿ ಹಾಕಿದ್ದರು. ಜೋಡಿಸಿ ಸರಿಯಾದ ಪದ ಮಾಡಬೇಕು. ಎಲ್ಲವೂ ಆಟದ್ದೇ ಪದ: ಬಂದೂಕಿನ ಹೆಸರು, ಮ್ಯಾಪಿನಲ್ಲಿ ಬರುವ ಜಾಗದ ಹೆಸರು. ಐದನ್ನೂ ಮೊದಲು ಬಿಡಿಸಿದವನಿಗೆ ಡೈಮಂಡ್. ಈ ಡೈಮಂಡ್ ಆಟದೊಳಗಿನ ನಾಣ್ಯ. ಅದರಿಂದ ತಮ್ಮ ಆಟಗಾರನಿಗೆ ಹೊಸ ಅಂಗಿ, ಬಂದೂಕಿಗೆ ಹೊಸ ಬಣ್ಣ ಕೊಳ್ಳಬಹುದು.

"ಸೇರಾಕ ಎಷ್ಟು ಕೊಟ್ಟಿ?" ಅಂತ ಕೇಳಿದೆ.

"ಇಪ್ಪತ್ತು ರೂಪಾಯಿ ಅಷ್ಟ. ಅವ್ವನ ಫೋನಿನಿಂದ ಹಾಕೀನಿ."

"ಅವ್ವಗ ಗೊತ್ತೈತೇನು?"

ಅದಕ್ಕೆ ಉತ್ತರ ಬರಲಿಲ್ಲ.

ಬರೆದೇ ಹೊಟ್ಟೆ ಹೊರೆಯುವ ನಾನು ಐದರಲ್ಲಿ ಎರಡು ಬಿಡಿಸಿದೆ. ಅವನು ನಾಲ್ಕು ಬಿಡಿಸಿದ. ಎಲಿ ಅಡಿಕಿ ಹಾಕಿಕೊಳ್ಳುತ್ತ ಕೂತಿದ್ದ ನಮ್ಮವ್ವ ಇದನ್ನೆಲ್ಲ ನೋಡಿ, "ನಾನೂ ಒಂದು ಕೇಳಲೇನೋ?" ಅಂದಳು. "ಕಣದ ನಡುವ ನಿಂತಾನ. ಎಲ್ಲಾರೂ ಅವನ ಸುತ್ತ ತಿರಗತಾರ, ತಾ ಮಾತ್ರ ತಿರಗೂದಿಲ್ಲ. ಯಾರು?"

ಹುಡುಗ ಸ್ವಲ್ಪ ಯೋಚನೆ ಮಾಡಿ, "ಅಂಪೈರ್?" ಅಂದ.

ನಾವೆಲ್ಲ ನಕ್ಕೆವು. ಉತ್ತರ ಮೇಟಿ. ಕಣದ ನಡುವೆ ನೆಟ್ಟ ಕಂಬ. ಎತ್ತುಗಳು ಅದರ ಸುತ್ತ ತಿರುಗಿ ತೆನೆ ತುಳಿಯುತ್ತಿದ್ದವು, ಅದಕ್ಕೆ ಹಂತಿ ಅನ್ನುತ್ತಿದ್ದೆವು. ಹುಡುಗನಿಗೆ ಮೇಟಿಯೂ ಗೊತ್ತಿಲ್ಲ, ಹಂತಿಯೂ ಗೊತ್ತಿಲ್ಲ. ತಪ್ಪು ಅವನದಲ್ಲ. ಅವನು ಹುಟ್ಟುವಷ್ಟರಲ್ಲಿ ನಮ್ಮ ಹೊಲಕ್ಕೆ ರಾಶಿ ಮಷಿನ್ ಬಂದಿತ್ತು. ಆದರೆ ಅವತ್ತು ರಾತ್ರಿ ನನಗೆ ಒಂದು ಅನಿಸಿತು. ಆ ಗ್ರೂಪಿನ ಪಂದ್ಯ ಕೆಟ್ಟದ್ದಲ್ಲ. ಅದರ ಫೀ ಕೆಟ್ಟದ್ದು. ಅದರಲ್ಲಿ ನಮ್ಮ ಪದ ಒಂದೂ ಇಲ್ಲದಿರುವುದು ಇನ್ನೂ ಕೆಟ್ಟದ್ದು.

ಫೋನ್ ಕಸಿದುಕೊಂಡರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಸ್ವಲ್ಪ ಹಿಂದಿನದು ನೆನಪಿಸುತ್ತೇನೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್ಜಿ ಬಂದ್ ಮಾಡಿತು. ಮರುವರ್ಷ ಜುಲೈನಲ್ಲಿ ಅದೇ ಆಟ ಬಿಜಿಎಂಐ ಅನ್ನುವ ಹೆಸರಿನಲ್ಲಿ ಬಂತು. 2022ರ ಜುಲೈನಲ್ಲಿ ಅದನ್ನೂ ತೆಗೆಸಿದರು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಬಂದ್ ಆಯಿತು, ಹುಡುಗರು ಫ್ರೀ ಫೈರ್ ಮ್ಯಾಕ್ಸ್‌ಗೆ ಹೋದರು. ದೆಹಲಿಯಿಂದ ಬಂದ್ ಮಾಡಿದರೂ ನಿಲ್ಲದ ಆಟ ನಾವು ಅಗಸಿ ಕಟ್ಟೆಯ ಮೇಲೆ ಕೂತು ಬೈದರೆ ನಿಲ್ಲುತ್ತದೆಯೇ?

ಪದದ ಆಟವಂತೂ ಆಟಗಳಲ್ಲೇ ಒಳ್ಳೆಯದು. 1913ರ ಡಿಸೆಂಬರ್ 21ರಂದು ಅಮೆರಿಕದ ಒಂದು ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಮೊದಲ ಪದಬಂಧ ಹಾಕಿದ. ಇಂದು ನಮ್ಮ ಕನ್ನಡ ಪತ್ರಿಕೆಗಳನ್ನು ಪದಬಂಧದ ಪುಟದಿಂದಲೇ ತೆರೆಯುವ ಹಿರಿಯರು ಎಷ್ಟೋ ಜನ ಇದ್ದಾರೆ. 2021ರಲ್ಲಿ ಜೋಶ್ ವಾರ್ಡಲ್ ಎಂಬ ಸಾಫ್ಟ್‌ವೇರ್ ಕೆಲಸಗಾರ ತನ್ನ ಸಂಗಾತಿಗಾಗಿ ವರ್ಡಲ್ ಅನ್ನುವ ಸಣ್ಣ ಆಟ ಮಾಡಿದ. ಐದು ಅಕ್ಷರದ ಪದ, ಆರು ಸಲ ಊಹಿಸಬಹುದು. ದಿನಕ್ಕೆ ಒಂದೇ ಪದ, ಅದೂ ಲೋಕಕ್ಕೆಲ್ಲ ಒಂದೇ. ಫೀ ಇಲ್ಲ, ಬಹುಮಾನವೂ ಇಲ್ಲ. ಆದರೂ ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ಹಿಡಿದರು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಕೊಂಡುಕೊಂಡಿತು. ಇದರ ಅರ್ಥ ಇಷ್ಟೇ: ಪದದ ಆಟಕ್ಕೆ ಜನ ಸೇರಲು ದುಡ್ಡಿನ ಆಸೆ ತೋರಿಸಬೇಕಾಗಿಲ್ಲ. ಎಲ್ಲರಿಗೂ ಒಂದೇ ಒಗಟು, ಬಿಡಿಸಿದವನಿಗೆ ಹೇಳಿಕೊಳ್ಳುವ ಖುಷಿ, ಅಷ್ಟಿದ್ದರೆ ಸಾಕು.

ಇನ್ನು ಆ ಇಪ್ಪತ್ತು ರೂಪಾಯಿ ವಿಷಯ. ಐವತ್ತು ಹುಡುಗರು ಕೊಟ್ಟರೆ ಸಾವಿರ ರೂಪಾಯಿ. ಗೆದ್ದವನಿಗೆ ಮುನ್ನೂರರ ಡೈಮಂಡ್ ಹಾಕಿದರೆ ಉಳಿದ ಏಳುನೂರು ಯಾರ ಜೇಬಿಗೆ? ಗ್ರೂಪಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಕೇಳಿದವನನ್ನು ತೆಗೆದುಹಾಕುತ್ತಾರೆ.

ಹಣದ ಆಟದ ಬಗ್ಗೆ ಸರ್ಕಾರಗಳೂ ಹೆಣಗಾಡಿವೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಮಾಡಿ ಆನ್‌ಲೈನ್ ಹಣದ ಆಟ ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳಿಗೆ ಒಂದು ಕಾಯ್ದೆ ಪಾಸು ಮಾಡಿತು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟ ಬುದ್ಧಿಯದ್ದಾದರೂ ಒಂದೇ, ಅದೃಷ್ಟದ್ದಾದರೂ ಒಂದೇ, ನಡೆಸುವಂತಿಲ್ಲ ಅನ್ನುತ್ತದೆ ಅದು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಶಿಕ್ಷೆ ಇಲ್ಲ.

ಈ ಕಾಯ್ದೆ ಮಾಡಿದ್ದು ದೊಡ್ಡ ಆ್ಯಪ್‌ಗಳನ್ನು ಕಣ್ಮುಂದೆ ಇಟ್ಟುಕೊಂಡು, ನಮ್ಮೂರ ವಾಟ್ಸ್ಆ್ಯಪ್ ಗ್ರೂಪಿಗಾಗಿ ಅಲ್ಲ. ಆದರೆ ಅದು ಎಳೆದ ಗೆರೆ ನಮಗೂ ಉಪಯೋಗಕ್ಕೆ ಬರುತ್ತದೆ. ಹುಡುಗ ದುಡ್ಡು ಕಟ್ಟಿ ದುಡ್ಡಿನ ಆಸೆಗೆ ಕೂತ ಅಂದರೆ ಅಲ್ಲಿಗೆ ಒಗಟು ಮುಗಿಯಿತು, ಜೂಜು ಶುರುವಾಯಿತು. ಈಗ ಅವನು ಬಿಡಿಸುವುದು ಪದ ಸಿಕ್ಕ ಖುಷಿಗಲ್ಲ, ಕಳೆದ ಇಪ್ಪತ್ತನ್ನು ವಾಪಸ್ ತರಲು.

ಇನ್ನೊಂದು ಎಚ್ಚರಿಕೆ. ಪದ ಬಿಡಿಸಿದ ಮೇಲೆ "ಇಲ್ಲಿ ಒತ್ತಿ ಬಹುಮಾನ ಪಡೆಯಿರಿ" ಅಂತ ಒಂದು ಲಿಂಕ್ ಬರಬಹುದು. ಆಟದ ಕಂಪನಿ ಕೊಡುವ ರಿಡೀಮ್ ಕೋಡ್ ಅಕ್ಷರ, ಅಂಕಿ ಸೇರಿದ ಒಂದು ಸಾಲು, ಅದನ್ನು ಕಂಪನಿಯ ಸ್ವಂತ ಜಾಲತಾಣದಲ್ಲೇ ಹಾಕಬೇಕು. ಬೇರೆ ಯಾರೇ ಆಗಲಿ ಪಾಸ್‌ವರ್ಡ್ ಕೇಳಿದರೆ, ಒಟಿಪಿ ಕೇಳಿದರೆ, ಒಂದು ರೂಪಾಯಿ ಹಾಕಿ ನೋಡಿ ಅಂದರೆ ಅದು ಮೋಸ. ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟು ದುಡ್ಡು ದೂರ ಹೋಗುತ್ತದೆ.

ಮರುದಿನ ಸಂಜೆ ನಾವೇ ಒಂದು ಪಂದ್ಯ ಮಾಡಿದೆವು. ಅಕ್ಕನ ಮಗ, ಓಣಿಯ ಮೂವರು ಹುಡುಗರು, ಪಕ್ಕದ ಮನೆಯ ಒಬ್ಬ ಹುಡುಗಿ. ಪದ ಕೊಡುವವಳು ನಮ್ಮವ್ವ, ಅಕ್ಷರ ಹಿಂದುಮುಂದು ಮಾಡುವವನು ನಾನು. ಕೂತ ಮೇಲೆ ತಿಳಿಯಿತು, ಇದು ಇಂಗ್ಲಿಷಿನಷ್ಟು ಸರಳ ಅಲ್ಲ.

ಚಕ್ಕಡಿ ಅನ್ನುವ ಪದ ತಗೊಳ್ಳಿ. ನಮ್ಮ ಬಾಯಿಗೆ, ಕಿವಿಗೆ ಅದು ಮೂರು ಅಕ್ಷರ: ಚ, ಕ್ಕ, ಡಿ. ಪದಬಂಧದಲ್ಲೂ ಮೂರೇ ಮನೆ. ಆದರೆ ಫೋನು ಅದನ್ನು ಆರು ತುಂಡು ಮಾಡಿ ಇಟ್ಟುಕೊಂಡಿರುತ್ತದೆ: ಚ, ಕ, ಒತ್ತಕ್ಷರ ಕೂಡಿಸುವ ಗುರುತು, ಇನ್ನೊಂದು ಕ, ಡ, ಅದರ ಗುಡಿಸು. ಸ್ತ್ರೀ ಅನ್ನುವ ಒಂದೇ ಅಕ್ಷರದಲ್ಲೂ ಆರು ತುಂಡು ಇವೆ. ಇಂಗ್ಲಿಷಿಗೆಂದು ಮಾಡಿದ ಅಕ್ಷರ ಕಲಸುವ ಜಾಲತಾಣಕ್ಕೆ ಕನ್ನಡ ಪದ ಹಾಕಿದೆವು. ಒತ್ತು ಒಂದು ಕಡೆ, ಗುಡಿಸು ಒಂದು ಕಡೆ, ಚುಕ್ಕಿಗಳ ಉಂಗುರಕ್ಕೆ ಅಂಟಿಕೊಂಡು ಬಂದವು. ಹುಡುಗರು ಬಿದ್ದು ಬಿದ್ದು ನಕ್ಕರು. ಕೊನೆಗೆ ನೋಟ್‌ಬುಕ್ಕಿನ ಹಾಳೆ ಹರಿದು, ಒಂದೊಂದು ಚೀಟಿಯಲ್ಲಿ ಒಂದೊಂದು ಅಕ್ಷರ ಬರೆದು, ಚೀಟಿ ಕಲಸಿ, ಫೋಟೊ ತೆಗೆದೆವು. ಅದೇ ಸರಿಯಾದ ದಾರಿ. ಕ್ಕ ಒಂದೇ ಚೀಟಿಯಲ್ಲಿ ಇರಬೇಕು.

ಎರಡನೇ ತಕರಾರು ಕೂರಿಗಿಯ ಮೇಲೆ ಬಂತು. ಅಕ್ಕನ ಮಗ "ಕೂರಿಗಿ" ಅಂತ ಬರೆದ. ಇನ್ನೊಬ್ಬ ಹುಡುಗ, "ಅದು ತಪ್ಪು, ಪುಸ್ತಕದಾಗ ಕೂರಿಗೆ ಐತಿ" ಅಂದ. ನಮ್ಮ ಹುಡುಗ ಕೂಡಲೇ ಒಡೆದು ಹಾಕಿದ. "ನಮ್ಮ ಭಾಷಾನ ತಪ್ಪ ಬಿಡ್ರಿ ಮಾಮಾ" ಅಂದ. ಈ ಮಾತು ನನಗೆ ಇಪ್ಪತ್ತು ರೂಪಾಯಿಗಿಂತ ಹೆಚ್ಚು ಚುಚ್ಚಿತು.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ, ಸುಮಾರು 850ರದು. ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಅಂತ ಹೇಳುವಾಗ ಅದು ನಾಲ್ಕು ಊರು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಕಿಸುವೊಳಲು ಅಂದರೆ ಇಂದಿನ ಪಟ್ಟದಕಲ್ಲು. ಕೊಪಣ ಅಂದರೆ ಕೊಪ್ಪಳ. ಪುಲಿಗೆರೆ ನಮ್ಮದೇ ಜಿಲ್ಲೆಯ ಲಕ್ಷ್ಮೇಶ್ವರ. ಒಕ್ಕುಂದ ಬೆಳಗಾವಿ ಜಿಲ್ಲೆಯಲ್ಲಿದೆ. ಮ್ಯಾಪ್ ತೆಗೆದು ನಾಲ್ಕಕ್ಕೂ ಗೆರೆ ಎಳೆಯಿರಿ. ನರಗುಂದ, ರೋಣ ಒಳಗೆ ಬೀಳುತ್ತವೆ, ಗಜೇಂದ್ರಗಡ ಗೆರೆಯ ಅಂಚಿಗೆ ಬರುತ್ತದೆ. ಓದದೆಯೂ ಕಾವ್ಯ ಬಲ್ಲ ಜನ ಅಂತ ಕನ್ನಡ ನಾಡಿನವರನ್ನು ಆ ಗ್ರಂಥ ಹೊಗಳಿದೆ. ಸಾಲಿ ಮೆಟ್ಟಿಲು ಹತ್ತದ ನಮ್ಮವ್ವ ಮೇಟಿಗೆ ಒಗಟು ಕಟ್ಟಿದಾಗ ಆ ಮಾತು ಸುಳ್ಳಲ್ಲ ಅನಿಸಿತು. ಇಂಥ ಸೀಮೆಯ ಹುಡುಗ ತನ್ನ ಮನೆಯ ಮಾತನ್ನು ತಪ್ಪು ಅಂತ ಒಡೆದು ಹಾಕುತ್ತಾನೆ ಅಂದರೆ, ಅದನ್ನು ಅವನಿಗೆ ಕಲಿಸಿದ್ದು ಫ್ರೀ ಫೈರ್ ಅಲ್ಲ, ನಾವು ದೊಡ್ಡವರು.

ಹಾಗಾಗಿ ಗಿಲ್ಡ್ ನಡೆಸುವ ಹುಡುಗರಿಗೆ ನನ್ನ ಮಾತು ಇಷ್ಟು. ನಿಮ್ಮ ಹಿಂದೆ ಐವತ್ತು ಹುಡುಗರು ಇದ್ದಾರೆ. ಊರಿನ ಯಾವ ಸಂಘಕ್ಕೂ ಇಷ್ಟು ಲಗೂನ ಇಷ್ಟು ಹುಡುಗರು ಸೇರುವುದಿಲ್ಲ. ವಾರಕ್ಕೊಂದು ಕನ್ನಡ ಪದ ಪಂದ್ಯ ಇಡಿ. ನಿಯಮ ಹೀಗಿರಲಿ:

1. ಫೀ ಬೇಡ, ಒಂದು ರೂಪಾಯಿಯೂ ಬೇಡ. ಗೆದ್ದವನ ಫೋಟೊ ಒಂದು ವಾರ ಗ್ರೂಪಿನ ಡಿಪಿ ಆಗಲಿ. ಮುಂದಿನ ಪಂದ್ಯ ಕಟ್ಟುವ ಅಧಿಕಾರವೂ ಅವನಿಗೇ ಇರಲಿ.

2. ಐದು ಪದದಲ್ಲಿ ಎರಡು ಆಟದ್ದು, ಮೂರು ಊರಿನದ್ದು. ಬರೀ ಹಳೆಯ ಪದ ಕೊಟ್ಟರೆ ಹುಡುಗರು ಓಡಿಹೋಗುತ್ತಾರೆ.

3. ಒತ್ತಕ್ಷರ ಸೇರಿ ಒಂದು ಅಕ್ಷರಕ್ಕೆ ಒಂದು ಮನೆ. ಚೀಟಿಯ ಮೇಲೆ ಕೈಯಿಂದ ಬರೆದು ಫೋಟೊ ಹಾಕಿ.

4. ಕೂರಿಗಿಯೂ ಸರಿ, ಕೂರಿಗೆಯೂ ಸರಿ.

5. ಗೂಗಲ್ ಬೇಡ. ಮನೆಯಲ್ಲಿ ಹಿರಿಯರನ್ನು ಎಷ್ಟು ಬೇಕಾದರೂ ಕೇಳಬಹುದು.

ಪದಕ್ಕೇನು ಬರವಿಲ್ಲ. ರೋಣದ ಕಡೆಯವರಿಗೆ ಎರಿ ಹೊಲದ ಪದಗಳಿವೆ: ಕುಂಟಿ, ಮಿಣಿ, ಬಾರಕೋಲು, ನೆಲದೊಳಗೆ ಜೋಳ ಇಡುತ್ತಿದ್ದ ಹಗೇವು. ಗಜೇಂದ್ರಗಡದವರಿಗೆ ಮಗ್ಗದ ಪದಗಳಿವೆ: ಲಾಳಿ, ಹಾಸು, ಹೊಕ್ಕು, ಪಟ್ಟೇದ ಅಂಚು. ನರಗುಂದದವರು ಹೀಗೆ ಕೇಳಬಹುದು: "ಮೂರು ಅಕ್ಷರ. 1858ರಲ್ಲಿ ಬಾಬಾಸಾಹೇಬರು ಬ್ರಿಟಿಷರ ಮೇಲೆ ಮಾಡಿದ್ದು, 1980ರಲ್ಲಿ ನೀರಿನ ಕರದ ವಿರುದ್ಧ ರೈತರು ಮಾಡಿದ್ದು." ಬಂ, ಡಾ, ಯ. ಒಂದು ಪದ ಬಿಡಿಸುವಷ್ಟರಲ್ಲಿ ಊರಿನ ನೂರಿಪ್ಪತ್ತು ವರ್ಷದ ಕಥೆ ತಲೆಯೊಳಗೆ ಹೋಗುತ್ತದೆ.

"ಇದರಿಂದ ಆಟದ ಚಟ ಹೆಚ್ಚಾಗೂದಿಲ್ಲೇನು?" ಅಂತ ಒಬ್ಬ ಮಾಸ್ತರರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ರಾತ್ರಿ ಎರಡರವರೆಗೆ ಗುಂಡು ಹಾರಿಸುವ ಹುಡುಗ ಪದ ಬಿಡಿಸಿ ಸಾಧು ಆಗುವುದಿಲ್ಲ. ಅದಕ್ಕೆ ಮನೆಯಲ್ಲಿ ಹೊತ್ತಿನ ಕಟ್ಟು ಬೇಕೇ ಬೇಕು. ಆದರೆ ಈ ಪಂದ್ಯಕ್ಕೆ ಅವನು ಫೋನಿನಿಂದ ತಲೆ ಎತ್ತಿ ಅಜ್ಜಿಯ ಹತ್ತಿರ ಹೋಗಬೇಕಾಗುತ್ತದೆ. ಬೇರೆ ಯಾವ ಆನ್‌ಲೈನ್ ಆಟ ಹಾಗೆ ಮಾಡಿಸುತ್ತದೆ?

ಇನ್ನೊಂದು ಲಾಭವೂ ಇದೆ. ಗಿಲ್ಡಿನಲ್ಲಿ ಹೆಣ್ಣುಮಕ್ಕಳಿಲ್ಲ, ಯಾಕೆಂದರೆ ಅವರ ಕೈಗೆ ಫೋನ್ ಸಿಗುವುದೇ ಕಡಿಮೆ. ಚೀಟಿಯ ಪಂದ್ಯಕ್ಕೆ ಫೋನ್ ಬೇಕಾಗಿಲ್ಲ. ಅವತ್ತು ನಮ್ಮ ಮನೆಯಲ್ಲಿ ಗೆದ್ದವಳು ಪಕ್ಕದ ಮನೆಯ ಹುಡುಗಿ. ಹಗೇವು, ಲಾಳಿ ಎರಡನ್ನೂ ಒಬ್ಬಳೇ ಬಿಡಿಸಿದಳು. ಹುಡುಗರು ಡಿಪಿಗೆ ಅವಳ ಫೋಟೊ ಹಾಕಲು ಒಪ್ಪಲಿಲ್ಲ, ಅವಳೂ ಬೇಡ ಅಂದಳು. ಮುಂದಿನ ಐದು ಪದ ಮಾತ್ರ ಅವಳೇ ಕಟ್ಟಿದಳು, ಒಂದನ್ನೂ ಅವರಿಂದ ಬಿಡಿಸಲಾಗಲಿಲ್ಲ.

ಊರಿಗೆ ಹೋಗುವ ಮೊದಲು ಅಕ್ಕನ ಮಗ ಆ ಇಪ್ಪತ್ತು ರೂಪಾಯಿ ವಿಷಯ ಅವನ ಅವ್ವನಿಗೆ ಹೇಳಿದ. ಬೈಸಿಕೊಂಡ. ಅಂದಹಾಗೆ, ಆ ಗ್ರೂಪಿನ ಪಂದ್ಯದಲ್ಲಿ ಗೆದ್ದವರು ಯಾರು ಅಂತ ಇವತ್ತಿನವರೆಗೂ ಅವರು ಹೇಳಿಲ್ಲ.

ಈಗ ಭಾನುವಾರ ಸಂಜೆಗೊಮ್ಮೆ ನರಗುಂದದಿಂದ ನನಗೆ ಫೋನ್ ಬರುತ್ತದೆ. ಮಾತು ನನ್ನ ಸಂಗಡ ಅಲ್ಲ. "ಮಾಮಾ, ಆಯಿ ಕಡೆ ಕೊಡ್ರಿ, ಪದ ಬೇಕಾಗ್ಯಾವ" ಅನ್ನುತ್ತಾನೆ.