ಮಾಲೆಯ ಹೊರೆ

ಒಳ್ಳೆಯ ಪುಸ್ತಕವನ್ನು ಓದಿ ಮೆಚ್ಚಿದವನು ಅದನ್ನು ಇನ್ನೊಬ್ಬನಿಗೆ ಹೇಳದೆ ಇರಲಾರನು. ಕನ್ನಡ ಕಾದಂಬರಿಯು ಮನೆಮನೆಗೆ ಹಬ್ಬಿದ್ದು ಬಹುಮಟ್ಟಿಗೆ ಈ ಬಾಯಿಮಾತಿನ ಬಲದಿಂದ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದಲೂ ಗಳಗನಾಥರು ಮರಾಠಿಯಿಂದಲೂ ಕಥೆಗಳನ್ನು ತಂದಿತ್ತ ಕಾಲದಲ್ಲಿ, ಪುಸ್ತಕದಂಗಡಿಯ ಮುಖವನ್ನೇ ಕಾಣದ ಹಳ್ಳಿಗಳಲ್ಲಿ ಒಂದು ಪ್ರತಿ ಹತ್ತು ಕೈಗಳನ್ನು ದಾಟುತ್ತಿತ್ತು. ಆದಕಾರಣ ಅಭಿಮಾನಿಗಳ ಶಿಫಾರಸನ್ನೇ ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಹಳಿಯತಕ್ಕದ್ದು, ಆ ಶಿಫಾರಸು ಇತ್ತೀಚೆಗೆ ತಳೆದಿರುವ ರೂಪವನ್ನು.

ಶಿವಮೊಗ್ಗೆಗೂ ಭದ್ರಾವತಿಗೂ ನಡುವೆ ಹೆದ್ದಾರಿಯ ಮಗ್ಗುಲಲ್ಲಿರುವ ಮಲವಗೊಪ್ಪದ ಹುಡುಗನೊಬ್ಬನು, ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುವವನು, ಆಕಾಶಯಾನದ ಚಲನಚಿತ್ರವೊಂದನ್ನು ಕಂಡು, ಇಂಥ ಕಥೆಗಳಲ್ಲಿ ಯಾವುದನ್ನು ಓದಲೆಂದು ಬಲ್ಲವರನ್ನು ಕೇಳಿದನೆನ್ನಿ. ಅವನಿಗೆ ದೊರೆಯುವುದು ಪುಸ್ತಕದ ಹೆಸರಲ್ಲ, ಒಂದು ಪಟ್ಟಿ. ಇಂಥ ಮಾಲೆಯಲ್ಲಿ ಹದಿನಾಲ್ಕು ಸಂಪುಟ, ಇಂಥದರಲ್ಲಿ ಮೂವತ್ತು. ಇದರ ನಂತರ ಅದು, ಅದರ ಮೊದಲು ಇನ್ನೊಂದು. ಕ್ರಮ ತಪ್ಪಿದರೆ ಸರ್ವವೂ ಕೆಟ್ಟಂತೆ. ಕಡೆಯದಾಗಿ ಒಂದು ಸಮಾಧಾನ: "ತಮ್ಮಾ, ಮೊದಲ ಎರಡು ಸಂಪುಟ ಕೊಂಚ ನೀರಸ, ಸಹಿಸಿಕೊ. ಮೂರನೆಯದರಿಂದ ರಂಗೇರುತ್ತದೆ." ಎರಡು ದಿನ ಹಳಸಿದ ಅನ್ನವನ್ನುಂಡರೆ ಮೂರನೆಯ ದಿನ ಹೋಳಿಗೆ ಬಡಿಸುವೆನೆಂಬ ಮನೆಗೆ ಯಾರಾದರೂ ಊಟಕ್ಕೆ ಹೋದಾರೆ? ಎರಡು ಸಂಪುಟ ನೀರಸವೆಂದು ಒಪ್ಪಿಕೊಂಡ ಮೇಲೆ, ಆ ಮಾಲೆಯ ಅಭಿಮಾನಿಯು ತನ್ನ ವಿರುದ್ಧವಾಗಿ ತಾನೇ ಸಾಕ್ಷಿ ನುಡಿದಂತಾಯಿತು. ಆದರೂ ಅವನು ಎದೆಯುಬ್ಬಿಸಿ ನಿಂತಿರುತ್ತಾನೆ. ಏಕೆಂದರೆ ಅವನು ಹೊಗಳುತ್ತಿರುವುದು ಪುಸ್ತಕವನ್ನಲ್ಲ, ತಾನು ಅಷ್ಟನ್ನೂ ಓದಿ ಮುಗಿಸಿದ ಸಾಹಸವನ್ನು.

ಈ ವ್ಯಾಧಿಯು ಉಲ್ಬಣಿಸಿರುವುದು ಚಲನಚಿತ್ರದ ಕಥೆಗೆ ಗಂಟುಹಾಕಿ ಬರೆಯಿಸಿದ ವಿಜ್ಞಾನ ಕಾದಂಬರಿಗಳಲ್ಲಿ. ಸ್ಟಾರ್ ವಾರ್ಸ್ ಎಂಬ ಚಿತ್ರವು ತೆರೆ ಕಂಡದ್ದು 1977ರ ಮೇ ತಿಂಗಳಲ್ಲಿ. ಅದರ ಕಾದಂಬರಿಯೋ 1976ರಲ್ಲಿಯೇ ಅಂಗಡಿಗೆ ಬಂದಿತ್ತು. ಮುಖಪುಟದ ಮೇಲೆ ಜಾರ್ಜ್ ಲ್ಯೂಕಾಸ್ ಎಂಬ ನಿರ್ದೇಶಕನ ಹೆಸರು. ಬರೆದವನು ಅಲನ್ ಡೀನ್ ಫಾಸ್ಟರ್ ಎಂಬ ಬೇರೊಬ್ಬನು. 1991ರಲ್ಲಿ ತಿಮೋತಿ ಝಾನ್ ಎಂಬವನು ಕಥೆಯನ್ನು ಮುಂದುವರಿಸಿ ಮೂರು ಸಂಪುಟಗಳ ಮಾಲೆಯೊಂದನ್ನು ತೊಡಗಿದ ಮೇಲಂತೂ ಪುಸ್ತಕಗಳು ಮಳೆಗಾಲದ ಅಣಬೆಗಳಂತೆ ಎದ್ದುವು. ಓದುಗರು ಇವೆಲ್ಲವನ್ನೂ ಕ್ರಮವಾಗಿ ಕೊಂಡರು, ಓದಿದರು, ವಂಶಾವಳಿಗಳನ್ನು ಬಾಯಿಪಾಠ ಮಾಡಿದರು. 1999ರ ಒಂದು ಕಾದಂಬರಿಯಲ್ಲಿ ಚೂಬಾಕಾ ಎಂಬ ಪ್ರಿಯಪಾತ್ರವು ಮಡಿದಾಗ ಅತ್ತವರೂ ಉಂಟು. 2012ರಲ್ಲಿ ಆ ಕಥಾಲೋಕವು ಡಿಸ್ನಿ ಕಂಪನಿಯ ಸ್ವತ್ತಾಯಿತು. 2014ರ ಏಪ್ರಿಲ್‌ನಲ್ಲಿ ಒಂದು ಪ್ರಕಟಣೆ ಹೊರಟಿತು: ಆ ಪುಸ್ತಕಗಳೆಲ್ಲ ಇನ್ನು ದಂತಕಥೆಗಳು, ಮುಂದೆ ಬರುವ ಚಿತ್ರಗಳು ಅವಕ್ಕೆ ಬದ್ಧವಲ್ಲ. ಮರುವರುಷದ ಚಿತ್ರದಲ್ಲಿ ಸತ್ತ ಚೂಬಾಕಾ ಸುಖವಾಗಿ ಎದ್ದು ಓಡಾಡಿದನು!

ಹೀಗಿರುವಲ್ಲಿ, "ಒಂದನ್ನೂ ಬಿಡಕೂಡದು, ಇಲ್ಲವಾದರೆ ನಿಜವಾದ ಕಥೆ ತಿಳಿಯದು" ಎಂಬ ಉಪದೇಶಕ್ಕೆ ಏನರ್ಥ? ನಿಜವಾದ ಕಥೆ ಯಾವುದೆಂಬುದನ್ನು ನಿರ್ಣಯಿಸುವ ಅಧಿಕಾರವು ಓದುಗನಲ್ಲಿಯೂ ಇಲ್ಲ, ಬರೆದವನಲ್ಲಿಯೂ ಇಲ್ಲ. ಅದು ಕಂಪನಿಯ ಕಚೇರಿಯಲ್ಲಿದೆ. ಝಾನನ ಕಾದಂಬರಿಯು ಚೆನ್ನಾಗಿದ್ದರೆ ಅದು ಪ್ರಕಟಣೆಯ ಹಿಂದಿನ ದಿನವೂ ಚೆನ್ನು, ಮರುದಿನವೂ ಚೆನ್ನು. ಅದನ್ನು ಅದರ ಗುಣಕ್ಕಾಗಿಯೇ ಹೇಳಿದ್ದವನಿಗೆ ಆ ಏಪ್ರಿಲ್‌ನಲ್ಲಿ ಕಾಸಿನ ನಷ್ಟವೂ ಆಗಲಿಲ್ಲ. ಪಟ್ಟಿಯನ್ನು ಹೇಳಿದವನು ಮಾತ್ರ ಬೀದಿಗೆ ಬಿದ್ದನು.

ಕ್ರಮವಾದಿಗಳು ಇಲ್ಲಿ ಅಸಿಮೊವ್ ಮಹಾಶಯನನ್ನು ಸಾಕ್ಷಿಗೆ ಕರೆತರುವುದುಂಟು. ಫೌಂಡೇಷನ್ ಕಥೆಗಳ ಕರ್ತೃವಾದ ಆತನೇ 1988ರ ಒಂದು ಪುಸ್ತಕದ ಆರಂಭದಲ್ಲಿ, ಕಥೆಯ ಕಾಲಾನುಕ್ರಮದಂತೆ ತನ್ನ ಕಾದಂಬರಿಗಳ ಪಟ್ಟಿ ಕೊಟ್ಟಿರುವನಲ್ಲವೆ ಎಂಬುದು ಅವರ ವಾದ. ಕೊಟ್ಟಿರುವನು, ದಿಟ. ಆದರೆ ಆ ಕಥೆಗಳು 1942ರಿಂದ ಮಾಸಪತ್ರಿಕೆಯೊಂದರಲ್ಲಿ ಬಿಡಿಬಿಡಿಯಾಗಿ ಬಂದು, 1951ರಿಂದ 1953ರೊಳಗೆ ಮೂರು ಪುಸ್ತಕಗಳಾದಾಗ ಓದಿದವರ ಕೈಯಲ್ಲಿ ಯಾವ ಪಟ್ಟಿ ಇದ್ದಿತು? ಸ್ಟಾರ್ ವಾರ್ಸ್‌ನ ಮೊದಲ ಚಿತ್ರಕ್ಕೆ "ನಾಲ್ಕನೆಯ ಅಧ್ಯಾಯ"ವೆಂಬ ತಲೆಬರಹವನ್ನು ಅಂಟಿಸಿದ್ದು 1981ರ ಮರುಪ್ರದರ್ಶನದಲ್ಲಿ. ಅದಕ್ಕೆ ಮುಂಚೆ ಲೋಕಕ್ಕೆ ಲೋಕವೇ ಆ ಕಥೆಯನ್ನು ನಡುವಿನಿಂದ ಹಿಡಿದು ಸುಖಿಸಿತು, ಯಾರಿಗೂ ಅಜೀರ್ಣವಾಗಲಿಲ್ಲ.

ಇಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಶಿವಮೊಗ್ಗೆಯಿಂದ ತುಂಗೆಯ ದಡದಲ್ಲಿಯೇ ಸ್ವಲ್ಪ ಸಾಗಿದರೆ ಹೊಸಹಳ್ಳಿ. ಗಮಕಕ್ಕೆ ನಾಡಿನಲ್ಲೆಲ್ಲ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಗದುಗಿನ ಭಾರತವು ಹತ್ತು ಪರ್ವಗಳ ಗ್ರಂಥ. ಗಮಕಿಯು ಸಭೆಯಲ್ಲಿ ಕುಳಿತು, "ಆದಿಪರ್ವವನ್ನು ಪೂರ್ತಿ ಕೇಳಿ ಬಂದವರು ಮಾತ್ರ ಒಳಗಿರಿ" ಎಂದು ಎಂದಾದರೂ ಅಪ್ಪಣೆ ಮಾಡಿದ್ದುಂಟೆ? ಅಂದಿನ ರಾತ್ರಿಗೆ ಒಂದು ಪ್ರಸಂಗ, ಅದರ ಹಿಂದುಮುಂದನ್ನು ತಿಳಿಸಲು ವ್ಯಾಖ್ಯಾನಕಾರನ ನಾಲ್ಕು ಮಾತು; ಕೇಳಲು ಬಂದ ಮುದುಕನಿಗೂ ಮಗುವಿಗೂ ಅಷ್ಟು ಸಾಕು. ಮಳೆ ಬಾರದಿದ್ದರೆ ಜನರು ನೇರವಾಗಿ ವಿರಾಟಪರ್ವವನ್ನೇ ಓದಿಸುತ್ತಾರೆ. ಅದಕ್ಕಿಂತ ಹಿಂದಿನ ಪರ್ವಗಳು ಮುಗಿಯಲೆಂದು ಕಾದರೆ ಪೈರಿನ ಗತಿಯೇನು? ಜೈಮಿನಿ ಭಾರತದ ಚಂದ್ರಹಾಸನ ಕಥೆಯನ್ನು ಬೇರೆಯಾಗಿಯೇ ಕೇಳಿ ಕಣ್ಣೀರಿಟ್ಟ ತಾಯಂದಿರಿಗೆ ಆ ಗ್ರಂಥದಲ್ಲಿ ಸಂಧಿಗಳೆಷ್ಟೆಂಬುದು ಬೇಕಾಗಿರಲಿಲ್ಲ. ಯಕ್ಷಗಾನದ ಮೇಳಗಳೂ ರಾತ್ರಿಗೊಂದು ಪ್ರಸಂಗದ ಲೆಕ್ಕದಲ್ಲಿಯೇ ಬದುಕಿವೆ. ದೀರ್ಘವಾದ ಕಥೆಯನ್ನು ಹೊಸಬನ ಕೈಗೆ ಹೇಗೆ ಕೊಡಬೇಕೆಂಬ ವಿದ್ಯೆಯನ್ನು ಕನ್ನಡಿಗರು ಶತಮಾನಗಳಿಂದ ಬಲ್ಲರು. ಕರ್ಣನು ಸತ್ತದ್ದು ಇನ್ನು ಲೆಕ್ಕಕ್ಕಿಲ್ಲವೆಂದು ಪ್ರಕಟಿಸಲು ಅಲ್ಲಿ ಯಾವ ಕಂಪನಿಯೂ ಇಲ್ಲ.

ಇದನ್ನೋದಿ ಪಂಡಿತವರ್ಗದವರು ಹಿಗ್ಗಬೇಕಾಗಿಲ್ಲ. ಚಿತ್ರವನ್ನು ಅನುಸರಿಸಿ ಬರೆದ ಪುಸ್ತಕವೆಂದೊಡನೆ ಮೂಗು ಮುರಿಯುವುದು ಅವರ ಪದ್ಧತಿ. ಇಂಗ್ಲೆಂಡಿನಲ್ಲಿ ಡಾಕ್ಟರ್ ಹೂ ಎಂಬ ದೂರದರ್ಶನದ ಕಥೆಗಳನ್ನು ಟೆರನ್ಸ್ ಡಿಕ್ಸ್ ಎಂಬವನು 1970ರ ದಶಕದಿಂದ ಮೊದಲುಮಾಡಿ ಅರವತ್ತಕ್ಕೂ ಮಿಕ್ಕಿ ಸಣ್ಣ ಪುಸ್ತಕಗಳಾಗಿ ಬರೆದನು. ಒಮ್ಮೆ ಪ್ರಸಾರವಾದದ್ದನ್ನು ಮತ್ತೆ ನೋಡುವ ಉಪಾಯವಿಲ್ಲದ ಕಾಲ. ಅಲ್ಲಿಯ ಮಕ್ಕಳು ಓದು ಕಲಿತದ್ದು ಈ ಪುಸ್ತಕಗಳಿಂದಲೇ ಎನ್ನುವವರುಂಟು. ಅವುಗಳಲ್ಲಿ ಯಾವುದನ್ನು ಎತ್ತಿಕೊಂಡರೂ ಕಥೆ ಅಲ್ಲಿಯೇ ಹುಟ್ಟಿ ಅಲ್ಲಿಯೇ ಮುಗಿಯುತ್ತಿತ್ತು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ಅಂಥವನೇ. ಬಾಡಿಗೆ ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದನ್ನು ಎತ್ತಿಕೊಂಡು ರಾತ್ರಿ ಬೆಳಗಾಗುವುದರೊಳಗೆ ಮುಗಿಸಿದವರು, ಮುಂದೆ ದೊಡ್ಡ ಕಾದಂಬರಿಗಳಿಗೆ ಏರಿದರು. ದೋಷವು ಮಾಲೆ ಎಂಬುದರಲ್ಲಿ ಇಲ್ಲ.

ಕನ್ನಡದ ಅಭಿಮಾನಿಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ತ.ರಾ.ಸು. ಅವರು ಚಿತ್ರದುರ್ಗದ ಇತಿಹಾಸವನ್ನು ಕುರಿತು 'ಕಂಬನಿಯ ಕುಯಿಲು' ಮೊದಲಾಗಿ ಎಂಟು ಕಾದಂಬರಿಗಳನ್ನು ಬರೆದರು. ಕಡೆಯದಾದ 'ದುರ್ಗಾಸ್ತಮಾನ' 1982ರಲ್ಲಿ ಹೊರಬಂದು, ಕರ್ತೃವು ತೀರಿಕೊಂಡ ಮೇಲೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆಯಿತು. ಎಂಟನ್ನೂ ಓದದೆ ಅದಕ್ಕೆ ಕೈಹಾಕಬೇಡವೆಂದು ಬೆದರಿಸುವ ಭಕ್ತರು ಇದ್ದಾರೆ. ಮದಕರಿನಾಯಕನ ಪತನವನ್ನು ತಿಳಿಯಲು ಹಿಂದಿನ ಏಳು ಸಂಪುಟಗಳ ರಹದಾರಿ ಬೇಕಿಲ್ಲ. ಅದನ್ನು ಮೊದಲು ಓದಿ, ಆ ಕೋಟೆಯ ಮೋಹಕ್ಕೆ ಸಿಕ್ಕಿ, ಹಿಂದಿನವನ್ನು ಹುಡುಕಿಕೊಂಡು ಹೋಗುವುದೇ ಮನುಷ್ಯಸ್ವಭಾವ. ಅದೇ ಲೇಖಕರ ಮೂರು ಕಾದಂಬರಿಗಳು ಸೇರಿ 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಚಿತ್ರವಾದುವು. ಚಿತ್ರವನ್ನು ಕಂಡವರು ಲಕ್ಷಾಂತರ. ಅವರ ಕೈಗೆ ಆ ಮೂರರಲ್ಲಿ ಒಂದನ್ನಾದರೂ ಇಟ್ಟವರು ಎಷ್ಟು ಮಂದಿ?

ವಿಜ್ಞಾನಕಥೆಯ ಮಾತಿಗೆ ಬಂದರೆ ಅನ್ಯಾಯವು ಇನ್ನೂ ಹೆಚ್ಚು. ಪರದೇಶದ ಮಾಲೆಗಳ ಮೂವತ್ತು ಹೆಸರುಗಳನ್ನು ಉಸಿರು ಬಿಡದೆ ಹೇಳುವ ತರುಣನಿಗೆ, ಕನ್ನಡದಲ್ಲಿ ಇದೇ ಪ್ರಕಾರಕ್ಕಾಗಿ ಬಾಳೆಲ್ಲ ದುಡಿದ ರಾಜಶೇಖರ ಭೂಸನೂರಮಠರ ಹೆಸರು ಕೇಳಿ ಗೊತ್ತಿರುವುದಿಲ್ಲ. ಶಿವಮೊಗ್ಗೆ ಜಿಲ್ಲೆಯವರೇ ಆದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದ ತೆಳುವಾದ ಪುಸ್ತಕ. ಹಾರುವ ಓತಿಯೊಂದರ ಬೆನ್ನುಹತ್ತಿ ಕಾಡು ಹೊಕ್ಕವರ ಕಥೆ. ಅದರ ಹಿಂದೆ ಸಂಪುಟವಿಲ್ಲ, ಮುಂದೆಯೂ ಇಲ್ಲ. ಬಹುಶಃ ಆದಕಾರಣವೇ ಪಟ್ಟಿಯವರ ಕಣ್ಣಿಗೆ ಅದು ಬೀಳುವುದಿಲ್ಲ!

ಇದು ಬರಿಯ ರುಚಿಯ ಜಗಳವೆಂದು ತಳ್ಳಿಬಿಡುವಂತಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ಮನೆಕಂದಾಯದ ಜತೆಯಲ್ಲಿ ಗ್ರಂಥಾಲಯದ ಕರವನ್ನೂ ಜನರು ತೆರುತ್ತಾರೆ. ಮಲವಗೊಪ್ಪದ ಮನೆಯವನೂ ತೆರುತ್ತಾನೆ. ಆ ಹಣದ ಪುಸ್ತಕಗಳಲ್ಲಿ ಜನರು ಕೇಳುವಂಥವೂ ಇರಬೇಕಾದರೆ, ಕೇಳಲು ಅವರಿಗೆ ಒಂದು ಹೆಸರು ಗೊತ್ತಿರಬೇಕು. ಹದಿನಾಲ್ಕು ಸಂಪುಟಗಳ ಪಟ್ಟಿಯನ್ನು ಯಾವ ಶಾಖಾ ಗ್ರಂಥಾಲಯವೂ ಪೂರೈಸಲಾರದು. ಮೂರನೆಯದೂ ಒಂಬತ್ತನೆಯದೂ ಧೂಳು ಹಿಡಿದು ಕುಳಿತಿರುತ್ತವೆ, ಮೊದಲನೆಯದು ಕಾಣೆಯಾಗಿರುತ್ತದೆ. ಒಂದು ಪುಸ್ತಕವನ್ನಾದರೆ ಕೇಳಬಹುದು, ತರಿಸಬಹುದು, ಒಂದು ಭಾನುವಾರದಲ್ಲಿ ಓದಬಹುದು. ಹತ್ತಿರದ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯು ಈಗ ನಿಂತುಹೋಗಿದೆ. ಕಾಗದವು ಅಗ್ಗವಾಗಿರುವ ಕಾಲ ಇದಲ್ಲ.

ಈ ಮಾತುಗಳಿಂದ ಮಾಲೆಗಳ ಪಕ್ಷದವರಿಗೆ ಕೋಪ ಬರುವುದು ಸಹಜ. ಅವರು ಉತ್ತರ ಬರೆಯಲಿ. ಆದರೆ ಒಂದು ನಿಬಂಧನೆ: ತಾವು ಮೆಚ್ಚಿದ ಮಾಲೆಯಿಂದ ಒಂದೇ ಒಂದು ಪುಸ್ತಕದ ಹೆಸರನ್ನು ಹೇಳಿ, ಅದನ್ನು ಏತಕ್ಕೆ ಓದಬೇಕೆಂಬುದನ್ನು ಅರ್ಧ ಪುಟದಲ್ಲಿ ತಿಳಿಸಬೇಕು. ಆ ಅರ್ಧ ಪುಟದಲ್ಲಿ "ಮುಂದಿನ ಸಂಪುಟದಲ್ಲಿ" ಎಂಬ ಮಾತು ಎಲ್ಲಿಯೂ ಬರಕೂಡದು.